ರೈತನ ಕಡೆಗೆ ತಿರುಗಿದ ಪರದೆ

ಬೆಳೆಸಾಲಕ್ಕೆ ಜಮೀನಿನ ದಾಖಲೆಯಾದ ಪಹಣಿ ಬೇಕು, ಕೋರ್ಟಿನಲ್ಲಿ ಜಾಮೀನು ನಿಲ್ಲಲೂ ಪಹಣಿ ಬೇಕು. ಇಪ್ಪತ್ತನೇ ಶತಮಾನ ಮುಗಿಯುವವರೆಗೂ ಆ ಹಾಳೆ ಗ್ರಾಮಲೆಕ್ಕಿಗರ ಬಳಿ ಇರುತ್ತಿತ್ತು. ಹಳ್ಳಿಗರ ಬಾಯಲ್ಲಿ ಅವರು ಶಾನುಭೋಗರೇ. ಒಬ್ಬರಿಗೆ ಮೂರು ನಾಲ್ಕು ಊರು. ಇವತ್ತು ಪಕ್ಕದ ಊರಿಗೆ ಹೋಗಿದ್ದಾರೆ, ನಾಳೆ ಬನ್ನಿ ಎಂಬ ಉತ್ತರ. ಕೈ ಬೆಚ್ಚಗೆ ಮಾಡಿದರೆ ಹಾಳೆ ಬೇಗ ಸಿಗುತ್ತಿತ್ತು.

ಇದನ್ನು ಬದಲಿಸಲು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಪಹಣಿ ಆಗ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ, 15 ರೂಪಾಯಿಗೆ ಸಿಗತೊಡಗಿತು. ಅಲ್ಲಿದ್ದ ಒಂದು ಏರ್ಪಾಡು ನನಗೆ ಬಹಳ ಪ್ರಿಯ: ಎರಡು ಪರದೆ. ಒಂದು ಸಿಬ್ಬಂದಿಯ ಮುಂದೆ, ಇನ್ನೊಂದು ರೈತನ ಕಡೆ ಮುಖ ಮಾಡಿ. ತನ್ನ ಸರ್ವೆ ನಂಬರು, ಎಕರೆ ಗುಂಟೆ, ಅಪ್ಪನ ಹೆಸರು ಎಲ್ಲವೂ ಹಾಳೆಗಿಳಿಯುವ ಮೊದಲೇ ರೈತನ ಕಣ್ಣೆದುರು.

ಹಾದಿಯ ಲೆಕ್ಕ ಹಾಕಿದರೆ ಈ ಕೌಂಟರು ರೈತನಿಗೆ ನಷ್ಟವೇ ಆಗಿತ್ತು. ಶಾನುಭೋಗರು ಹತ್ತಿರದವರು, ತಾಲ್ಲೂಕಿಗೆ ಬಸ್ಸು ಹಿಡಿಯಬೇಕಿತ್ತು, ಒಂದು ದಿನದ ಕೂಲಿ ಹೋಗುತ್ತಿತ್ತು. ಹಾಗಾದರೆ ಜನಕ್ಕೆ ಹಿಡಿಸಿತೇ? 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನ ಆಲ್ಬರ್ಟ್ ಲೋಬೋ ಮತ್ತು ಸುರೇಶ್ ಬಾಲಕೃಷ್ಣನ್ ಇದನ್ನು ಬಳಕೆದಾರರನ್ನೇ ಕೇಳಿದರು. ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಆ ಸಂಸ್ಥೆಗೆ ಸರ್ಕಾರಿ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸುವ ಅಭ್ಯಾಸವಿತ್ತು. ಅವರು ಕೇಳಿದ್ದು ತೀರ ಸಾದಾ ಪ್ರಶ್ನೆ: ಕೆಲಸಕ್ಕೆ ಎಷ್ಟು ಜನರನ್ನು ಕಾಣಬೇಕಾಯಿತು? ಲಂಚ ಕೊಟ್ಟಿರಾ?

ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66, ಕೌಂಟರಿನಲ್ಲಿ 3. ಕೌಂಟರಿನಾಚೆಗೆ ಯಾವ ಅಧಿಕಾರಿಯನ್ನೂ ಕಾಣಬೇಕಾಗಲಿಲ್ಲ ಎಂದವರು ನೂರಕ್ಕೆ 79. ಜನರನ್ನು ದಣಿಸುತ್ತಿದ್ದದ್ದು ಹಾದಿಗಿಂತ ಹೆಚ್ಚಾಗಿ ಇನ್ನೊಬ್ಬರ ಮರ್ಜಿ ಎಂಬುದು ಹೀಗೆ ಲೆಕ್ಕಕ್ಕೆ ಸಿಕ್ಕಿತು. ಆದರೂ ಇದನ್ನು ಜನರ ಆಯ್ಕೆ ಎಂದುಬಿಡಲು ನನಗೆ ಮನಸ್ಸಿಲ್ಲ. ಕೈಬರಹದ ಪಹಣಿಯನ್ನು ಸರ್ಕಾರವೇ ರದ್ದು ಮಾಡಿತ್ತು. ಹಳೆಯ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಒಂದೇ.

ನಿಜವಾದ ಆಯ್ಕೆ ಬಂದದ್ದು ಆಮೇಲೆ. ಹೋಬಳಿಗೆ ನೆಮ್ಮದಿ ಕೇಂದ್ರ, ನಂತರ ನಾಡಕಚೇರಿ, ಪಂಚಾಯಿತಿಗೆ ಗ್ರಾಮ ಒನ್ ಸೇವಾಕೇಂದ್ರ, ಜೊತೆಗೆ ಮೊಬೈಲಿನಲ್ಲೇ ಪಹಣಿ. ಮೊಬೈಲು ಕೈಯಲ್ಲಿದ್ದರೂ ಎಷ್ಟೋ ಮಂದಿ ಗ್ರಾಮ ಒನ್ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಒಬ್ಬ ಹಿರಿಯರನ್ನು ನೋಡಿದೆ. ಪ್ರಿಂಟಾದ ಹಾಳೆಯನ್ನು ಬೆಳಕಿಗೆ ಹಿಡಿದು, ತಮ್ಮ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, "ಇನ್ನೊಂದ್ಸಲ ಓದಪ್ಪ, ಅಪ್ಪನ ಹೆಸರು ಸರಿ ಐತಾ?" ಎಂದರು. ಕಂಪ್ಯೂಟರಿನ ಮುಂದಿದ್ದ ಹುಡುಗ ಓದಿದ. ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.