ಎರೆಸೀಮೆಯಲ್ಲಿ ಮಾರಿಹೋದ ಕಾರುಗಳು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ಭಾಗದ ಹಳ್ಳಿಗಳಲ್ಲಿ ಸ್ವಂತ ಕಾರು ಎಂಬುದು ಕಳೆದ ಶತಮಾನದ ಕೊನೆಯ ದಶಕದವರೆಗೂ ಊರಿಗೆ ಒಂದೆರಡು ಮನೆಗಳಲ್ಲಿ ಮಾತ್ರ ಇರುತ್ತಿದ್ದ ವಸ್ತುವಾಗಿತ್ತು. ಆದ್ದರಿಂದ ಅಂದಿನ ಕಾರುಗಳ ನೆನಪು ಅವುಗಳ ಒಡೆಯರ ಮನೆಯೊಳಗೆ ಮಾತ್ರವಲ್ಲದೆ ಊರಿನ ತುಂಬ ಉಳಿದುಕೊಂಡಿದೆ. ದೇಸಾಯರ ವಾಡೆಯ ಮುಂದೆ, ಗೌಡರ ಕಟ್ಟೆಯ ಪಕ್ಕದಲ್ಲಿ, ಅರಳೆ ವ್ಯಾಪಾರಿಯ ಅಂಗಡಿಯ ಎದುರಿಗೆ ಅಥವಾ ಡಾಕ್ಟರರ ದವಾಖಾನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ಆ ಗಾಡಿ, ಹೆರಿಗೆಯ ಹೆಣ್ಣುಮಗಳನ್ನು ರಾತ್ರೋರಾತ್ರಿ ಹುಬ್ಬಳ್ಳಿಯ ಕೆ.ಎಂ.ಸಿ. ದವಾಖಾನೆಗೆ ಮುಟ್ಟಿಸುವುದರಿಂದ ಹಿಡಿದು ಮದುವೆಯ ಮೆರವಣಿಗೆಯಲ್ಲಿ ಹೂವಿನ ಸರ ಹೊದ್ದು ನಿಲ್ಲುವವರೆಗೆ ಹಲವು ಕೆಲಸಗಳಿಗೆ ಒದಗುತ್ತಿತ್ತು. ಅಂಥ ಗಾಡಿಗಳಲ್ಲಿ ಬಹುಪಾಲು ಇಂದು ಇಲ್ಲ. ಮಾರಿದವರ ಮಕ್ಕಳು ಮೊಮ್ಮಕ್ಕಳು ‘ಅದನ್ನ ಕೊಡಬಾರದಿತ್ತು’ ಎಂದು ಹಳಹಳಿಸುವುದು ಈ ಭಾಗದ ಮನೆಮಾತಿನ ಭಾಗವೇ ಆಗಿದೆ. ಆದರೆ ಆ ಕಾರುಗಳು ಏಕೆ ಕೈಬಿಟ್ಟುಹೋದವು ಎಂಬುದನ್ನು ನೋಡದೆ ಈ ಹಳಹಳಿಯನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಸ್ವಾತಂತ್ರ್ಯದ ನಂತರದ ಮೂರು ದಶಕಗಳಿಗೂ ಹೆಚ್ಚು ಕಾಲ ದೇಶದಲ್ಲಿ ಕಾರು ತಯಾರಿಕೆ ಲೈಸೆನ್ಸ್ ವ್ಯವಸ್ಥೆಗೆ ಒಳಪಟ್ಟಿತ್ತು, ಅಂದರೆ ಯಾವ ಕಂಪನಿ ಎಷ್ಟು ವಾಹನ ತಯಾರಿಸಬೇಕೆಂಬುದನ್ನು ಸರ್ಕಾರವೇ ನಿರ್ಧರಿಸುತ್ತಿತ್ತು. ವಿದೇಶಿ ಕಾರುಗಳ ಆಮದಿಗೂ ಬಿಗಿಯಾದ ತಡೆಯಿತ್ತು. ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್, ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ಸ್ ಎಂಬ ಮೂರು ಸಂಸ್ಥೆಗಳ ಕಾರುಗಳೇ ರಸ್ತೆಯನ್ನು ಆಳುತ್ತಿದ್ದವು. ಹೊಸ ಕಾರಿಗೆ ಹಣ ಕಟ್ಟಿದವರು ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ ಹಳ್ಳಿಯ ಮನೆತನಗಳು ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಗಾಡಿಗಳ ಕಡೆಗೆ ಹೊರಳುತ್ತಿದ್ದವು: ಪಟ್ಟಣದ ವ್ಯಾಪಾರಿಗಳು ಬಳಸಿ ಬಿಟ್ಟ ಕಾರು, ಸರ್ಕಾರಿ ಇಲಾಖೆಗಳು ಹರಾಜಿಗೆ ಹಾಕಿದ ಅಂಬಾಸಿಡರ್, ಸೈನ್ಯವು ಬಳಸಿ ವಿಲೇವಾರಿ ಮಾಡಿದ ಜೀಪು. ಹೀಗಾಗಿ ಒಂದು ಮನೆತನ ‘ನಮ್ಮ ಮೊದಲ ಕಾರು’ ಎಂದು ನೆನೆಯುವ ಗಾಡಿ ಎಷ್ಟೋ ಸಲ ಆ ಮನೆಗೆ ಬರುವ ಮೊದಲೇ ಎರಡು ಮೂರು ಕೈ ಕಂಡಿರುತ್ತಿತ್ತು.

ಕಾರು ಕೊಳ್ಳುವ ಹಣ ಬಂದದ್ದು ಬಹುಮಟ್ಟಿಗೆ ಹೊಲದಿಂದ. 1972ರಲ್ಲಿ ನವಿಲುತೀರ್ಥದ ಮಲಪ್ರಭಾ ಅಣೆಕಟ್ಟು ಪೂರ್ಣಗೊಂಡು ಮುಂದೆ ನವಲಗುಂದ ಸೀಮೆಗೆ ಕಾಲುವೆಯ ನೀರು ಬಂದಿತು. ಅದೇ ವರ್ಷ ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ವರಲಕ್ಷ್ಮಿ ಎಂಬ ಸಂಕರ ಹತ್ತಿ ರೈತರ ಕೈಸೇರಿತು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಪಡೆದ ಈ ತಳಿಯ ಉದ್ದ ಎಳೆಗೆ ಒಳ್ಳೆಯ ಬೆಲೆ ಸಿಕ್ಕಿದ್ದರಿಂದ, ನೀರು ಅಥವಾ ಮಳೆ ಅನುಕೂಲವಾಗಿದ್ದ ಕಡೆ ಅರಳೆಯ ರೊಕ್ಕ ಟ್ರ್ಯಾಕ್ಟರಾಗಿ, ಮೋಟಾರ್ ಸೈಕಲ್ಲಾಗಿ, ಕೆಲವೇ ಮನೆಗಳಲ್ಲಿ ಕಾರಾಗಿ ಮನೆ ತುಂಬಿತು. ಒಣಮೆಣಸಿನಕಾಯಿಯ ಪೇಟೆ ಏರಿದ ವರ್ಷವೂ ಹಾಗೆಯೇ ಆಗುತ್ತಿತ್ತು. ಬೆಳೆ ತಂದ ಗಾಡಿಯನ್ನು ಬೆಳೆಗೇಡು ಒಯ್ಯಬಲ್ಲದೆಂಬುದು ಆಗ ಯಾರ ಲೆಕ್ಕದಲ್ಲೂ ಇದ್ದಂತೆ ಕಾಣುವುದಿಲ್ಲ.

ಯಾವ ಗಾಡಿ ಎಲ್ಲಿ ಬಾಳುತ್ತದೆ ಎಂಬುದನ್ನು ಈ ಸೀಮೆಯಲ್ಲಿ ಮಣ್ಣೇ ತೀರ್ಮಾನಿಸುತ್ತಿತ್ತು. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳದ ಬಹುಭಾಗ ಎರೆಭೂಮಿ. ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಹೇರಳವಾಗಿರುವ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಅಗಲವಾಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ಎರೆಹಾದಿ ಒಂದು ಜಡಿಮಳೆಯ ನಂತರ ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ತುಂಬಿ, ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ; ಆಗ ಗಾಡಿಯಿಂದ ಇಳಿದು ಕೋಲಿನಿಂದ ಮಣ್ಣು ಕೆತ್ತಿ ತೆಗೆಯದೆ ಗತ್ಯಂತರವಿಲ್ಲ. ಇದರ ಜತೆಗೆ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಮಳೆಗಾಲದಲ್ಲಿ ಏಕಾಏಕಿ ತುಂಬಿ ಹರಿದು ಊರುಗಳ ದಾರಿ ಕಡಿಯುತ್ತಿದ್ದವು. ಕಲಘಟಗಿಯದು ಬೇರೆ ಕಥೆ: ಅದು ಅರೆಮಲೆನಾಡು, ಕೆಂಪು ಮಣ್ಣು, ಭತ್ತದ ಗದ್ದೆ, ಯಲ್ಲಾಪುರದ ಘಟ್ಟದ ಕಡೆಗೆ ಏರಿಳಿಯುವ ರಸ್ತೆ, ಅಲ್ಲಿ ಗಾಡಿಗೆ ಬೇಕಾದದ್ದು ಏರು ಹತ್ತುವ ಬಲ ಮತ್ತು ಇಳಿಜಾರಿನಲ್ಲಿ ಹಿಡಿಯುವ ಬ್ರೇಕು.

ಎರೆಸೀಮೆಗೆ ಒಗ್ಗಿದ ಕಾರೆಂದರೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ 1957-58ರ ಹೊತ್ತಿಗೆ ರಸ್ತೆಗಿಳಿದು, 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಕೆಲಸ ನಿಲ್ಲಿಸುವವರೆಗೆ ಹೊರ ಆಕಾರದಲ್ಲಿ ಹೆಚ್ಚೇನೂ ಬದಲಾಗದೆ ಉಳಿದ ಈ ಕಾರಿನ ಗಾಲಿಯ ಡಿಸ್ಕು 15 ಇಂಚಿನದು. ಹಿಂಬದಿಯ ಭಾರವನ್ನು ಹೊರುತ್ತಿದ್ದದ್ದು ಲಾರಿಯವರಿಗೆ ಪರಿಚಿತವಾದ ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಮುಂದಿನ ಸೀಟು ಇಬ್ಬರಿಗೆ ಬೇರೆ ಬೇರೆಯಾಗಿರದೆ ಒಂದೇ ಉದ್ದನೆಯ ಹಲಗೆಯಂತಿದ್ದು, ಗೇರು ಸ್ಟೇರಿಂಗಿನ ಕೆಳಗೆ ಇದ್ದುದರಿಂದ ಡ್ರೈವರನ ಪಕ್ಕದಲ್ಲೇ ಇಬ್ಬರು ಕುಳಿತುಕೊಳ್ಳಬಹುದಿತ್ತು. ಹಿಂದೆ ಎಷ್ಟು ಜನ ಎಂಬುದಕ್ಕೆ ಲೆಕ್ಕವಿರಲಿಲ್ಲ. ಜಾತ್ರೆಗೆ ಹೊರಟ ಇಡೀ ಮನೆ, ಡಿಕ್ಕಿಯಲ್ಲಿ ರೊಟ್ಟಿಯ ಗಂಟು ಮತ್ತು ನೀರಿನ ಕೊಡ, ಸಾಲದ್ದಕ್ಕೆ ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ: ಇಷ್ಟನ್ನು ಹೊತ್ತೂ ಸವದತ್ತಿ ಯಲ್ಲಮ್ಮನ ಗುಡ್ಡ ಹತ್ತಿದ ಕಾರಿನ ಮೇಲೆ ಆ ಮನೆಯವರಿಗೆ ಅಭಿಮಾನ ಉಳಿದಿದ್ದರೆ ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಎಲ್ಲರೂ ಫಿಯಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ ಇದಕ್ಕಿಂತ ಚೊಕ್ಕವಾದ, ಹಗುರವಾದ, 1089 ಸಿ.ಸಿ. ಎಂಜಿನ್ನಿನ ಕಾರು. ಅದು ಡಾಕ್ಟರರು, ವಕೀಲರು, ಅರಳೆ ದಲಾಲರಂತಹ ಡಾಂಬರು ರಸ್ತೆ ಬಿಟ್ಟು ಇಳಿಯದವರ ಆಯ್ಕೆಯಾಗಿದ್ದು, ಹೊಲದ ಹಾದಿಯಲ್ಲಿ ಅದರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಜೀಪಿನದು ಇದಕ್ಕೆ ತೀರ ವಿರುದ್ಧವಾದ ಚರಿತ್ರೆ. 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಸಂಸ್ಥೆ ಅದೇ ದಶಕದ ಕೊನೆಯಿಂದ ಅಮೆರಿಕದ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹಂಚಬಲ್ಲ ‘ಫೋರ್ ವ್ಹೀಲ್’ ವ್ಯವಸ್ಥೆಯಿದ್ದ ಈ ಗಾಡಿ ಹಸಿ ಎರೆಯಲ್ಲೂ ಹೂತುಹೋಗದೆ ದಾಟಬಲ್ಲ ಒಂದೇ ಮೋಟಾರಾಗಿತ್ತು. ಚುನಾವಣೆಯ ಧ್ವನಿವರ್ಧಕ ಕಟ್ಟಿಕೊಂಡು ತಿರುಗಿದ್ದೂ, ಬೀಜ ಗೊಬ್ಬರ ಹೊತ್ತಿದ್ದೂ, ಸುಗ್ಗಿಯಲ್ಲಿ ಆಳುಗಳನ್ನು ಹೊಲಕ್ಕೆ ಮುಟ್ಟಿಸಿದ್ದೂ ಅದೇ. ಅಂಬಾಸಿಡರನ್ನು ನೆನೆಯುವವರು ಅದರ ಗತ್ತನ್ನು ಹೇಳಿದರೆ, ಜೀಪನ್ನು ನೆನೆಯುವವರು ಅದು ದಾಟಿದ ಹಳ್ಳಗಳ ಹೆಸರು ಹೇಳುತ್ತಾರೆ.

ಈ ಗಾಡಿಗಳ ಮೇಲಿನ ಮಮತೆಗೆ ಇನ್ನೊಂದು ಕಾರಣವಿದೆ, ಮತ್ತು ಅದೇ ಹೆಚ್ಚು ಮುಖ್ಯವಾದದ್ದು: ಅವುಗಳ ಹೊಟ್ಟೆಯೊಳಗೆ ಏನಿದೆ ಎಂಬುದು ಊರಿಗೆ ಗೊತ್ತಿತ್ತು. ಪೆಟ್ರೋಲು ಮತ್ತು ಗಾಳಿಯನ್ನು ಹದವಾಗಿ ಬೆರೆಸುವ ಕಾರ್ಬ್ಯುರೇಟರಿಗೆ ಎರೆದೂಳು ಕಟ್ಟಿದರೆ ರಸ್ತೆ ಬದಿಯಲ್ಲೇ ಬಿಚ್ಚಿ, ಜೆಟ್ ಎಂಬ ಸಣ್ಣ ರಂಧ್ರವನ್ನು ಊದಿ ಸ್ವಚ್ಛ ಮಾಡಬಹುದಿತ್ತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟು ಕರಕಾದರೆ ಪಾಲಿಶ್ ಕಾಗದದಿಂದ ಉಜ್ಜಿದರೆ ಸಾಕಾಗಿತ್ತು. ಬ್ಯಾಟರಿ ಕೈಕೊಟ್ಟರೆ ಮುಂಭಾಗದಿಂದ ಹ್ಯಾಂಡಲ್ ತೂರಿಸಿ ತಿರುಗಿಸುವುದು ಅಥವಾ ಹುಡುಗರನ್ನು ಕರೆದು ತಳ್ಳಿಸುವುದು ರೂಢಿಯಾಗಿತ್ತು. ದೊಡ್ಡ ಕೆಲಸಕ್ಕೆ ಹುಬ್ಬಳ್ಳಿಯ ಮಿಸ್ತ್ರಿಗಳು. ‘ಎಂಜಿನ್ ಇಳಿಸುವುದು’ ಎಂದರೆ ಎಂಜಿನ್ನನ್ನು ಪೂರ್ತಿ ಹೊರತೆಗೆದು, ಸವೆದ ಸಿಲಿಂಡರನ್ನು ಲೇತಿನ ಅಂಗಡಿಯಲ್ಲಿ ಕೊರೆಸಿ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಕೂರಿಸುವ ಕೆಲಸ. ಇದನ್ನು ‘ಬೋರ್ ಮಾಡಿಸುವುದು’ ಎಂದೂ ಹೇಳುತ್ತಾರೆ. ಮನೆಯ ಯಜಮಾನ ಕೆಲಸ ನಡೆಯುವಷ್ಟು ದಿನ ಗ್ಯಾರೇಜಿನಲ್ಲೇ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದದ್ದು ಅಪನಂಬಿಕೆಯಿಂದ ಇರಬಹುದು, ಆದರೆ ಎದ್ದು ಬರುವಾಗ ಅವನಿಗೆ ತನ್ನ ಗಾಡಿಯ ಒಂದೊಂದು ಭಾಗದ ಹೆಸರೂ ಬಾಯಿಪಾಠವಾಗಿರುತ್ತಿತ್ತು. ಮಹಾನವಮಿಯ ಖಂಡೇ ಪೂಜೆಯಲ್ಲಿ ನೇಗಿಲು, ಕೂರಿಗೆ, ಕುಡಗೋಲುಗಳ ಜತೆಗೆ ಕಾರಿನ ಪಾನೆಗಳನ್ನೂ ತೊಳೆದಿಟ್ಟು ವಿಭೂತಿ ಹಚ್ಚುತ್ತಿದ್ದ ಮನೆಗಳಲ್ಲಿ ಕಾರು ಒಕ್ಕಲುತನದ ಸಾಮಾನುಗಳ ಸಾಲಿಗೇ ಸೇರಿತ್ತು.

ದುರಸ್ತಿಗೆ ಬಾಗುವ ಈ ಗುಣವೇ ಗಾಡಿಗಳ ಸ್ವರೂಪವನ್ನೂ ಬದಲಾಯಿಸುತ್ತ ಹೋಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರುತ್ತ ಹೋದಂತೆ, ಲೀಟರಿಗೆ ಕಡಿಮೆ ದಾರಿ ಕೊಡುತ್ತಿದ್ದ ಪೆಟ್ರೋಲ್ ಅಂಬಾಸಿಡರ್ ಮತ್ತು ಜೀಪುಗಳನ್ನು ಸಾಕುವುದು ದುಬಾರಿಯಾಯಿತು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಡೀಸೆಲ್ ಅಂಬಾಸಿಡರ್ ಮಾರುಕಟ್ಟೆಗೆ ಬಂದರೂ, ಹಳೆಯ ಪೆಟ್ರೋಲ್ ಗಾಡಿಯಿದ್ದವರು ಅದರ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸುವ ದಾರಿ ಹಿಡಿದರು. ಹೊಲದ ಪಂಪಿಗೂ ಟ್ರ್ಯಾಕ್ಟರಿಗೂ ತರುತ್ತಿದ್ದ ಅದೇ ಡೀಸೆಲ್ಲಿನಲ್ಲಿ ಕಾರೂ ಓಡುವುದು ರೈತನಿಗೆ ಅನುಕೂಲವೇ ಆಗಿತ್ತು. ಶಬ್ದ ಹೆಚ್ಚಾಯಿತು, ನಡುಕ ಹೆಚ್ಚಾಯಿತು, ಗಾಡಿ ಮಾತ್ರ ಇನ್ನೂ ಹತ್ತಿಪ್ಪತ್ತು ವರ್ಷ ಬದುಕಿತು.

ಕೊಡುವ ಕಾಲ ಬಂದದ್ದು ಕಳೆದ ಶತಮಾನ ಮುಗಿಯುವಾಗ, ಅದೂ ಒಂದೇ ಕಾರಣದಿಂದಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಹನ್ನೆರಡು ಇಂಚಿನ ಪುಟ್ಟ ಗಾಲಿಯ ಕಾರಣದಿಂದ ಎರೆಹಾದಿಗೆ ಹೇಳಿಸಿದ್ದಲ್ಲವಾದರೂ, ಹಳ್ಳಿಯ ರಸ್ತೆಗಳಿಗೆ ಡಾಂಬರು ಬಿದ್ದಂತೆ ಆ ಅಡ್ಡಿ ಕಳೆಯಿತು. 1991ರ ನಂತರ ಹೊಸ ಕಂಪನಿಗಳೂ ಕಾರಿನ ಸಾಲ ಕೊಡುವ ಬ್ಯಾಂಕುಗಳೂ ಬಂದವು. ಬಾಡಿಗೆಯ ಟ್ರ್ಯಾಕ್ಸ್, ಕ್ರೂಸರ್, ಟಂಟಂಗಳು ಹಳ್ಳಿ ಹಳ್ಳಿಗೂ ಓಡತೊಡಗಿದ ಮೇಲೆ ಗೌಡರ ಕಾರನ್ನು ಕೇಳಿಕೊಂಡು ಹೋಗುವ ಪ್ರಸಂಗವೇ ಕಡಿಮೆಯಾಯಿತು. ಇನ್ನು ಕಾನೂನು: ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಮುಗಿಯುತ್ತದೆ, ಆಮೇಲೆ ಗಾಡಿಯನ್ನು ಆರ್.ಟಿ.ಓ. ಕಚೇರಿಗೆ ಒಯ್ದು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಎಂಬತ್ತರ ದಶಕದಲ್ಲಿ ಮೊದಲು ನೋಂದಣಿಯಾದ ಕಾರುಗಳಿಗೆ ಈ ಗಡುವು ಬಂದದ್ದು 2000ದ ಆಸುಪಾಸಿನಲ್ಲಿ. ಅದರ ಬೆನ್ನಿಗೇ 2001ರಿಂದ 2004ರವರೆಗೆ ರಾಜ್ಯವನ್ನು ಸತತ ಬರಗಾಲ ಕಾಡಿತು. ದನಗಳಿಗೆ ಮೇವಿಲ್ಲದ ವರ್ಷದಲ್ಲಿ ಹಿತ್ತಲಲ್ಲಿ ನಿಂತ ಕಾರಿಗೆ ಎಂಜಿನ್ ಕೆಲಸ ಮಾಡಿಸುವ ಮನೆ ಅಪರೂಪ. ಹೀಗೆ ಅನೇಕ ಗಾಡಿಗಳು ಕಬ್ಬಿಣದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಮುದಿ ಎತ್ತನ್ನು ಸಂತೆಗೆ ಹೊಡೆದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣದಂತೆ ಅಂದೂ ಒಂದಿಷ್ಟು ಸಂಕಟವಾಗಿರಬಹುದಾದರೂ, ಆಗ ಅದು ತಪ್ಪೆಂದು ಯಾರಿಗೂ ಅನ್ನಿಸಿರಲಾರದು. ಹಳಹಳಿ ಹುಟ್ಟಿದ್ದು ತಡವಾಗಿ, ಉತ್ತರಪಾರಾದ ಕಾರ್ಖಾನೆ ಮುಚ್ಚಿ, 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡ ಸುದ್ದಿ ಬಂದು, ಹಳೆಯ ಕಾರಿಗೂ ಬೆಲೆಯಿದೆ ಎಂಬುದು ತಿಳಿದ ಮೇಲೆ.

ಹಳೆಯ ಕಾರುಗಳನ್ನು ಜೋಪಾನ ಮಾಡಿದವರು ಕರ್ನಾಟಕದಲ್ಲಿ ಇಲ್ಲದಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯ ಎಲ್ಲರೂ ಬಲ್ಲ ಉದಾಹರಣೆ. ಆದರೆ ಸಂಗ್ರಹಕಾರನ ದೃಷ್ಟಿಗೂ ಹಳ್ಳಿಯ ಬಳಕೆಗೂ ನಡುವೆ ಇರುವ ಅಂತರವನ್ನು 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮ ಚೆನ್ನಾಗಿ ತೋರಿಸುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆಯೂ ಹತ್ತು ವರ್ಷದ ನೋಂದಣಿಯೂ ಸಿಗುತ್ತದೆ, ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ ಅಥವಾ ರ್‍ಯಾಲಿಯಂತಹ ಸಂದರ್ಭಗಳಿಗೆ ಮಾತ್ರ ಹೊರತೆಗೆಯಬೇಕು. ಅದಕ್ಕಿಂತ ಬಿಗಿಯಾದದ್ದು ಇನ್ನೊಂದು ಷರತ್ತು: ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗದೆ ಗಾಡಿ ತನ್ನ ಮೂಲರೂಪದಲ್ಲೇ ಇರಬೇಕು. ಎರೆಸೀಮೆಯಲ್ಲಿ ಇಂದಿಗೂ ಉಳಿದಿರುವ ಎಪ್ಪತ್ತರ ದಶಕದ ಅಂಬಾಸಿಡರ್ ಅಥವಾ ಜೀಪು ಉಳಿದಿರುವುದೇ ಡೀಸೆಲ್ ಎಂಜಿನ್ ಕೂರಿಸಿಕೊಂಡು, ಬೇರೆ ಗೇರ್‌ಬಾಕ್ಸ್ ಹಾಕಿಸಿಕೊಂಡು, ತುಕ್ಕು ಹಿಡಿದ ತಳಕ್ಕೆ ಹೊಸ ತಗಡು ಬಡಿಸಿಕೊಂಡು. ಮೂಲ ಎಂಜಿನ್ನನ್ನೇ ನೆಚ್ಚಿಕೊಂಡಿದ್ದ ಗಾಡಿಗಳು ಎಂದೋ ಗುಜರಿ ಸೇರಿವೆ. ಬದುಕಿ ಉಳಿಯಲು ಮಾಡಿದ್ದೇ ಅನರ್ಹತೆಯಾಗುವ ಈ ನಿಯಮ ನಗರದ ಸಂಗ್ರಹಕಾರರನ್ನು ಎದುರಿಗಿಟ್ಟುಕೊಂಡು ಬರೆದದ್ದೆಂದು ಹೇಳದೆ ನಿರ್ವಾಹವಿಲ್ಲ.

ಆದ್ದರಿಂದ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಇನ್ನೂ ಅಂಥದೊಂದು ಗಾಡಿ ನಿಂತಿರುವವರಿಗೆ ಉಳಿಯುವುದು ಸಾಮಾನ್ಯ ನವೀಕರಣದ ದಾರಿಯೇ, ಮತ್ತು ಅದರ ಶುಲ್ಕ 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000ಕ್ಕೆ ಏರಿತು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಎಂಜಿನ್ ಬದಲಾವಣೆಯನ್ನು ಆರ್.ಸಿ. ಪುಸ್ತಕದಲ್ಲಿ ದಾಖಲಿಸಬೇಕಾಗಿದ್ದರೂ, ಅದನ್ನು ಮಾಡಿಸದೆ ಬಿಟ್ಟವರು ಉಂಟು. ಅಂಥ ಮನೆಯವರು ಮಿಸ್ತ್ರಿಯನ್ನು ಕರೆಸುವುದಕ್ಕೂ ಮೊದಲು ಅಜ್ಜನ ಪೆಟ್ಟಿಗೆಯಲ್ಲಿರುವ, ಮೈಸೂರು ರಾಜ್ಯದ ಕಾಲದ ಎಂ.ವೈ. ಸರಣಿಯ ಸಂಖ್ಯೆ ಬರೆದ ಆ ಹಳೆಯ ಆರ್.ಸಿ. ಪುಸ್ತಕವನ್ನು ತೆಗೆದು, ಅದರಲ್ಲಿ ಬರೆದ ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ಗಾಡಿಯ ಮೇಲೆ ಕೆತ್ತಿದ ಸಂಖ್ಯೆಗಳಿಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು.