ಯಾವ ಕಾಲದ ರೇಸ್ ಚಾಲಕ ಮೇಲು?

ಬೇರೆ ಬೇರೆ ಕಾಲದ ಇಬ್ಬರು ರೇಸ್ ಚಾಲಕರಲ್ಲಿ ಯಾರು ಮೇಲು ಎಂಬುದನ್ನು ಗೆಲುವಿನ ಪಟ್ಟಿಯೊಂದೇ ಹೇಳಲಾರದು. ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ ಫಾರ್ಮುಲಾ ಒನ್‌ನಲ್ಲಿ ಗೆದ್ದದ್ದು 24 ರೇಸ್, ಜರ್ಮನಿಯ ಮೈಕೆಲ್ ಶೂಮಾಕರ್ ಗೆದ್ದದ್ದು 91. ಆದರೆ ಫಾಂಜಿಯೊ ಓಡಿದ್ದೇ 51 ರೇಸ್. ಶೂಮಾಕರ್ 300ಕ್ಕೂ ಹೆಚ್ಚು. ಒಬ್ಬರು ಹೆಚ್ಚುಕಡಿಮೆ ಎರಡಕ್ಕೊಂದು ಗೆದ್ದರು, ಇನ್ನೊಬ್ಬರು ಮೂರಕ್ಕೊಂದನ್ನೂ ಮುಟ್ಟಲಿಲ್ಲ. ಅಂಕಗಳ ಲೆಕ್ಕವೂ ಉಪಯೋಗಕ್ಕೆ ಬಾರದು. 1950ರಲ್ಲಿ ಗೆದ್ದವರಿಗೆ 8 ಅಂಕ ಸಿಗುತ್ತಿತ್ತು, 2010ರಿಂದ 25 ಸಿಗುತ್ತಿದೆ.

ಇದಕ್ಕಿಂತ ದೊಡ್ಡ ತೊಡಕು ಕಾರಿನದು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಲಿತಾಂಶದ ಮೇಲೆ ಚಾಲಕನಿಗಿಂತ ತಂಡದ ಪ್ರಭಾವ ಸುಮಾರು ಆರು ಪಟ್ಟು ಹೆಚ್ಚೆಂದು ಕಂಡುಬಂತು. ತಂಡದ ಪಾಲನ್ನು ಕಳೆದು ನೋಡಿದಾಗ ಮೊದಲ ಸ್ಥಾನಕ್ಕೆ ಬಂದವರು ಫಾಂಜಿಯೊ. ನಾಲ್ಕು ಬೇರೆ ಕಂಪನಿಗಳ ಕಾರುಗಳಲ್ಲಿ ಐದು ಸಲ ವಿಶ್ವ ಚಾಂಪಿಯನ್ ಆದವರು ಅವರು ಎಂಬುದನ್ನು ನೆನೆದರೆ ಈ ಫಲಿತಾಂಶ ನಂಬುವಂತಿದೆ.

ಕರ್ನಾಟಕದ ಚಾಲಕರ ವಿಷಯದಲ್ಲಿ ಈ ತೊಡಕು ಇನ್ನೂ ಕಠಿಣ. ದಕ್ಷಿಣ ಭಾರತದ ಹಳೆಯ ರೇಸ್‌ಗಳ ಮುಖ್ಯ ನೆಲೆ ಮದರಾಸಿನ ಬಳಿಯ ಶೋಲಾವರಂ, ಯುದ್ಧಕಾಲದ ವಿಮಾನ ಪಟ್ಟಿ. ಅಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಸಮಾನತೆಯೇ ಇರಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾದ ಹಗುರ ಫೈಬರ್ ಮೈಯ ಸಿಪಾನಿ ಡಾಲ್ಫಿನ್ ಕಾರು ರ‍್ಯಾಲಿ, ರೇಸ್‌ ಚಾಲಕರಿಗೆ ಅಚ್ಚುಮೆಚ್ಚಾಗಿತ್ತು. ಅದೇ ದಶಕದ ಆರಂಭದಲ್ಲಿ ಉದ್ಯಮಿ ವಿಜಯ್ ಮಲ್ಯ ಶೋಲಾವರಂನಲ್ಲಿ ಓಡಿಸಿದ್ದು ಎನ್‌ಸೈನ್ ಎಂಬ ನಿಜವಾದ ಫಾರ್ಮುಲಾ ಒನ್ ಕಾರು! ಯಾರ ಗೆಲುವಿನಲ್ಲಿ ಕೈಚಳಕ ಎಷ್ಟು, ಎಂಜಿನ್ ಎಷ್ಟು ಎಂದು ಬೇರ್ಪಡಿಸಲು ಇಂಥಲ್ಲಿ ದಾರಿಯೇ ಇಲ್ಲ. ಆ ಕಾಲದವರನ್ನು ಇಂದಿನವರ ಪಕ್ಕ ನಿಲ್ಲಿಸಿ ಹೀಗಳೆಯುವುದು ಅನ್ಯಾಯ.

ಉಳಿದಿರುವುದು ಒಂದೇ ನೆಚ್ಚುವ ಅಳತೆ: ಅದೇ ತಂಡದಲ್ಲಿ, ಅದೇ ಕಾರಿನಲ್ಲಿ ಓಡುವ ಜೊತೆಗಾರ. 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅಮೆರಿಕದ ಗ್ರ್ಯಾಂಡ್ ಪ್ರಿಯಲ್ಲಿ ನಾಲ್ಕನೆಯವರಾಗಿ 5 ಅಂಕ ಪಡೆದರು. ಟೈರ್ ಸಮಸ್ಯೆಯಿಂದ ಬೇರೆ ತಂಡಗಳು ಹಿಂದೆ ಸರಿದು, ಅಂದು ಓಡಿದ್ದು ಆರೇ ಕಾರು. ಅವರ ಜೋರ್ಡನ್ ತಂಡದ ಜೊತೆಗಾರ ಟಿಯಾಗೊ ಮೊಂಟೆರೊ ಅದೇ ರೇಸ್‌ನಲ್ಲಿ ಮೂರನೆಯವರಾದರು. ಹೋಲಿಕೆಗೆ ನಾಲ್ಕನೆಯ ಸ್ಥಾನಕ್ಕಿಂತ ಈ ಅಂತರವೇ ಹೆಚ್ಚು ಬೆಲೆಯುಳ್ಳದ್ದು.

ಬೆಂಗಳೂರಿನ ಮೈನಿ ಸಹೋದರರ ವಿಷಯಕ್ಕೆ ಬಂದರೆ ಅಳತೆ ಸ್ಪಷ್ಟವಾಗುತ್ತದೆ. ಅಣ್ಣ ಅರ್ಜುನ್ 2017ರಲ್ಲಿ ಬಾರ್ಸಿಲೋನಾದಲ್ಲಿ ಗೆದ್ದು, ಜಿಪಿ3 ಎಂಬ ಕಿರಿಯ ಸರಣಿಯ ರೇಸ್ ಗೆದ್ದ ಮೊದಲ ಭಾರತೀಯರಾದರು. ತಮ್ಮ ಕುಶ್ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ 2024ರ ಹಂಗೇರಿ ಸ್ಪ್ರಿಂಟ್ ರೇಸ್ ಗೆದ್ದರು, ಮೊದಲು ಬಂದವರು ಅನರ್ಹಗೊಂಡ ಕಾರಣ. 2025ರಲ್ಲಿ ಮೊನಾಕೊದ ಸ್ಪ್ರಿಂಟ್ ಅನ್ನು ಟ್ರ್ಯಾಕಿನಲ್ಲೇ ಗೆದ್ದುಕೊಂಡರು. ಫಾರ್ಮುಲಾ 2ರಲ್ಲಿ ಎಲ್ಲ ತಂಡಗಳಿಗೂ ಒಂದೇ ಮಾದರಿಯ ಕಾರು, ಒಂದೇ ಮಾದರಿಯ ಎಂಜಿನ್. ಆದ್ದರಿಂದ ನೆಪವೂ ಕಡಿಮೆ: 2024ರಲ್ಲಿ ಕುಶ್ ಅವರ ತಂಡದಲ್ಲೇ ಇದ್ದ ಗೇಬ್ರಿಯೆಲ್ ಬೊರ್ಟೊಲೆಟೊ 214.5 ಅಂಕಗಳೊಂದಿಗೆ ಚಾಂಪಿಯನ್ ಆದರು, ಕುಶ್ ಗಳಿಸಿದ್ದು 74.

ಬೊರ್ಟೊಲೆಟೊ ಮರುವರ್ಷವೇ ಫಾರ್ಮುಲಾ ಒನ್ ಸೇರಿದರು. ಶೋಲಾವರಂ ಕಾಲದ ಯಾವ ಕನ್ನಡಿಗನಿಗೂ ಇಷ್ಟು ನಿಷ್ಠುರವಾದ, ಇಷ್ಟು ನ್ಯಾಯವಾದ ಪರೀಕ್ಷೆ ಎದುರಾಗಿರಲಿಲ್ಲ.