ಸೆನ್ಸರ್ ಟೈಮ್ ತಪ್ಪಿದ್ರೆ ಸ್ಪ್ರೇ ಲೆಕ್ಕಾನೂ ತಪ್ಪುತ್ತೆ

ತೋಟಕ್ಕೆ ಎಲೆ ತೇವದ ಸೆನ್ಸರ್, ಉಷ್ಣಾಂಶದ ಸೆನ್ಸರ್ ಹಾಕಿಸಿದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಮೊಬೈಲ್‌ನಲ್ಲಿ ಅಂಕಿ ನೋಡ್ತೀವಿ, ಆದರೆ ಪಕ್ಕದಲ್ಲಿರೋ ಟೈಮ್ ಸರಿಯಿದೆಯಾ ಅಂತ ನೋಡೋರು ಕಡಿಮೆ.

ದ್ರಾಕ್ಷಿಯ ಡೌನಿ, ಟೊಮೆಟೊ ಅಂಗಮಾರಿ ತಗುಲೋದು ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು, ಆಗ ಉಷ್ಣಾಂಶ ಎಷ್ಟಿತ್ತು ಅನ್ನೋದರ ಮೇಲೆ. ಎರಡು ಸೆನ್ಸರ್‌ಗಳ ಟೈಮ್ ಬೇರೆ ಬೇರೆ ಇದ್ರೆ ಬೆಳಗಿನ ಜಾವದ ಇಬ್ಬನಿಗೆ ಮಧ್ಯಾಹ್ನದ ಉಷ್ಣಾಂಶ ಜೋಡಿಯಾಗಬಹುದು. ಬೋರ್ಡೋ ದ್ರಾವಣ ಸೋಂಕಿಗೆ ಮೊದಲೇ ಎಲೆ ಮೇಲಿರಬೇಕು. ರೋಗ ಒಳಗೆ ಹೊಕ್ಕ ಮೇಲೆ ಹೊಡೆದ್ರೆ ಅದನ್ನು ಗುಣಪಡಿಸಲ್ಲ. ಹಾಗಾಗಿ ಟೈಮ್ ತಪ್ಪಿದ್ರೆ ನಷ್ಟ ಬೆಳೆಗೇ.

ಗಡಿಯಾರ ಯಾಕೆ ಜಾರುತ್ತೆ?

ಸೆನ್ಸರ್ ಪೆಟ್ಟಿಗೆಯೊಳಗಿನ ಗಡಿಯಾರ ನಡೆಯೋದು ಸಣ್ಣ ಕ್ವಾರ್ಟ್ಜ್ ಹರಳಿನಿಂದ. ಅದು ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡ್ ತಪ್ಪಿದ್ರೂ ದಿನಕ್ಕೆ 1.7 ಸೆಕೆಂಡ್, ವರ್ಷಕ್ಕೆ 10 ನಿಮಿಷ ಆಗುತ್ತೆ. ಬಿಸಿಲಿಗೆ, ಚಳಿಗೆ ಇನ್ನೂ ಜಾರುತ್ತೆ. ಡಿಎಸ್3231 ತರಹದ ಚಿಪ್ ಉಷ್ಣಾಂಶ ನೋಡಿ ತಾನೇ ಸರಿಮಾಡಿಕೊಳ್ಳುತ್ತೆ, ವರ್ಷಕ್ಕೆ ಒಂದೆರಡು ನಿಮಿಷ ಅಷ್ಟೇ ವ್ಯತ್ಯಾಸ.

ಇಂಟರ್ನೆಟ್ ಇರೋ ಸಾಧನ ಎನ್‌ಟಿಪಿ ಮೂಲಕ ಟೈಮ್ ಕೇಳಿ ಪಡೆಯುತ್ತೆ. ತಾನು ಕೇಳಿದ ಹೊತ್ತು, ಸರ್ವರ್‌ಗೆ ಅದು ತಲುಪಿದ ಹೊತ್ತು, ಉತ್ತರ ಹೊರಟ ಹೊತ್ತು, ಉತ್ತರ ಬಂದ ಹೊತ್ತು, ಈ ನಾಲ್ಕನ್ನೂ ಇಟ್ಟುಕೊಂಡು ದಾರಿಯಲ್ಲಿ ಹಿಡಿದ ಸಮಯ ಕಳೆದು ತನ್ನ ಗಡಿಯಾರ ತಿದ್ದಿಕೊಳ್ಳುತ್ತೆ. ಸೆಕೆಂಡಿನ ಸಣ್ಣ ಭಾಗದಷ್ಟು ತಪ್ಪು ಉಳಿಯಬಹುದು. ತೋಟಕ್ಕೆ ಇದು ಧಾರಾಳ ಸಾಕು.

ಮುದ್ರೆ ಎಲ್ಲಿ ಬೀಳುತ್ತೆ ಅನ್ನೋದು ಮುಖ್ಯ

ಡೇರಿಗೆ ಹಾಲು ತಗೊಂಡು ಹೋದಾಗ ನೀವು ಬಾಗಿಲಿಗೆ ಬಂದ ಹೊತ್ತು ಬರೆದ್ರೆ ಒಂದು ಲೆಕ್ಕ. ಕ್ಯೂ ಮುಗಿದು ನಿಮ್ಮ ಸರದಿ ಬಂದಾಗ ಬರೆದ್ರೆ ಇನ್ನೊಂದು ಲೆಕ್ಕ. ಕಂಪ್ಯೂಟರ್ ಒಳಗೂ ಹೀಗೆ ಕ್ಯೂ ಇರುತ್ತೆ. ಅದಕ್ಕೇ ವಿದ್ಯುತ್ ಗ್ರಿಡ್, ಮೊಬೈಲ್ ಟವರ್‌ಗಳಲ್ಲಿ ಪಿಟಿಪಿ ಅನ್ನೋ ಪದ್ಧತಿ ಬಳಸ್ತಾರೆ. 2002ರಲ್ಲಿ ಬಂದ ಐಇಇಇ 1588 ಅದರ ಮಾನದಂಡ. ಅಲ್ಲಿ ಸಂದೇಶ ನೆಟ್‌ವರ್ಕ್ ಚಿಪ್ ದಾಟೋ ಕ್ಷಣದಲ್ಲೇ ಚಿಪ್ ಟೈಮ್ ಮುದ್ರೆ ಒತ್ತುತ್ತೆ, ಸಾಫ್ಟ್‌ವೇರ್‌ಗೆ ಬಿಡುವಾಗೋವರೆಗೆ ಕಾಯಲ್ಲ. ಮೈಕ್ರೋಸೆಕೆಂಡಿಗಿಂತ ಕಡಿಮೆ ತಪ್ಪಿಗೆ ಇಳಿಸೋಕೆ ಸಾಧ್ಯವಾಗೋದು ಇದರಿಂದ. ನಮಗೆ ಅಷ್ಟು ನಿಖರತೆ ಬೇಡ, ಅದಕ್ಕೆ ದುಡ್ಡು ಹಾಕಬೇಡಿ.

ಆದರೆ ಅದರ ತತ್ವ ಬೇಕು: ಅಳತೆ ಆದ ಕಡೆಯೇ ಟೈಮ್ ಬೀಳಬೇಕು. ರಾತ್ರಿ ನೆಟ್‌ವರ್ಕ್ ಹೋದ್ರೆ ಸೆನ್ಸರ್ ಅಂಕಿಗಳನ್ನು ಕೂಡಿಟ್ಟು ಬೆಳಿಗ್ಗೆ ಕಳಿಸುತ್ತೆ. ಟೈಮ್ ಹಾಕೋದು ಸರ್ವರ್ ಆದ್ರೆ ಇಡೀ ರಾತ್ರಿಯ ತೇವ ಬೆಳಿಗ್ಗೆ 9 ಗಂಟೆಯ ಲೆಕ್ಕಕ್ಕೆ ಹೋಗುತ್ತೆ.

ಈ ವಾರ ಹೀಗೆ ಪರೀಕ್ಷೆ ಮಾಡಿ

1. ಮೊಬೈಲ್‌ನಲ್ಲಿ ಟೈಮ್ 'ಆಟೋಮ್ಯಾಟಿಕ್' ಇಡಿ.
2. ಎಲೆ ಸೆನ್ಸರ್‌ಗೆ ನೀರು ಚಿಮುಕಿಸಿ, ಅದೇ ನಿಮಿಷಕ್ಕೆ ಉಷ್ಣಾಂಶದ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಹೊತ್ತು ಬರೆದಿಡಿ.
3. ಆ್ಯಪ್‌ನಲ್ಲಿ ಎರಡೂ ಬದಲಾವಣೆ ಯಾವ ಹೊತ್ತಿಗೆ ಕಾಣುತ್ತೆ ನೋಡಿ. 15 ನಿಮಿಷಕ್ಕೊಮ್ಮೆ ಅಳೆಯೋ ಸೆನ್ಸರ್ ಆದ್ರೆ ಅಷ್ಟು ವ್ಯತ್ಯಾಸ ಸಹಜ.
4. ಸರಿಯಾಗಿ 5 ಗಂಟೆ 30 ನಿಮಿಷ ಹಿಂದಿದ್ರೆ ಗಡಿಯಾರ ಕೆಟ್ಟಿಲ್ಲ. ಅದು ಅಂತರರಾಷ್ಟ್ರೀಯ ಸಮಯ ತೋರಿಸ್ತಿದೆ, ಸೆಟ್ಟಿಂಗ್ ಬದಲಿಸಿ.
5. ವರ್ಷ 1970 ಅಥವಾ 2000 ಅಂತ ಬಂದ್ರೆ ಗಡಿಯಾರ ಶುರುವಿಗೆ ಮರಳಿದೆ. ಒಳಗಿನ ಬಟನ್ ಸೆಲ್ ಮುಗಿದಿದೆಯಾ ನೋಡಿ.
6. ಒಂದು ದಿನ ಸೆನ್ಸರ್ ಆನ್ ಇಟ್ಟು ಗೇಟ್‌ವೇಯ ಇಂಟರ್ನೆಟ್ ಮಾತ್ರ ಒಂದು ಗಂಟೆ ಆಫ್ ಮಾಡಿ. ಆ ಗಂಟೆಯ ಅಂಕಿಗಳು ಸರಿಯಾದ ಹೊತ್ತಿನಲ್ಲೇ ಬಂದು ಕೂತ್ವಾ ನೋಡಿ.

ಹೊಸದಾಗಿ ಕೊಳ್ಳೋರು ಮಾರೋರಿಗೆ ಎರಡೇ ಪ್ರಶ್ನೆ ಕೇಳಿ: ಟೈಮ್ ಹಾಕೋದು ಸೆನ್ಸರಾ, ಸರ್ವರಾ? ಗಡಿಯಾರವನ್ನು ದಿನಕ್ಕೊಮ್ಮೆಯಾದ್ರೂ ಸರಿ ಮಾಡುತ್ತಾ? ಇದಕ್ಕೆ ನೇರ ಉತ್ತರ ಸಿಕ್ಕಿದ ಮೇಲೆ ಬೆಲೆ ಮಾತಾಡಿ.